ರೌಟರ್ ಪೆಟ್ಟಿಗೆಯೊಳಗಿನ ಕ್ಯೂ

ರೌಟರ್ ಡಬ್ಬದ ಮೇಲೆ ‘ಕ್ಯೂಒಎಸ್’ ಅಂತ ದೊಡ್ಡದಾಗಿ ಅಚ್ಚು ಹಾಕಿರ್ತಾರೆ, ನೋಡಿರಬಹುದು. ಯಾವ ಪ್ಯಾಕೆಟ್ ಮೊದಲು ಹೋಗಬೇಕು, ಯಾವುದು ಕಾಯಬೇಕು ಅಂತ ನಾವೇ ಹೇಳಬಹುದಂತೆ. ನಾಲ್ಕು ಜನರ ಮನೆಗೆ ಇದೆಲ್ಲ ಬೇಕಾ?

ಐಡಿಯಾ ಹಳೆಯದು. 1981ರಲ್ಲಿ ಬಂದ ಐಪಿ ನಿಯಮಾವಳಿಯಲ್ಲೇ (ಆರ್‌ಎಫ್‌ಸಿ 791) ಆದ್ಯತೆಗೆಂದು ಪ್ರತಿ ಪ್ಯಾಕೆಟ್‌ನಲ್ಲೂ 3 ಬಿಟ್ ಜಾಗ ಇಟ್ಟಿದ್ದರು. ಒಟ್ಟು 8 ದರ್ಜೆ. ಒಂದರ ಹೆಸರು ‘ಫ್ಲಾಶ್ ಓವರ್‌ರೈಡ್’! ದುಡ್ಡು ಅಮೆರಿಕದ ರಕ್ಷಣಾ ಇಲಾಖೆಯದು ಅಂತ ಹೆಸರಲ್ಲೇ ಗೊತ್ತಾಗುತ್ತೆ :-)

ತೊಂದರೆ ಏನಪ್ಪಾ ಅಂದ್ರೆ, ಚೀಟಿ ಅಂಟಿಸೋ ಅಧಿಕಾರ ಕಳಿಸುವವರ ಕೈಲೇ ಇದ್ದರೆ ಎಲ್ಲರದ್ದೂ ‘ಅರ್ಜೆಂಟ್’ ಆಗಿಬಿಡುತ್ತೆ. ಡೇವಿಡ್ ಮಿಲ್ಸ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಎನ್‌ಎಸ್‌ಎಫ್‌ನೆಟ್ ಬರೀ 56 ಕೆಬಿಪಿಎಸ್ ಲೈನುಗಳ ಮೇಲೆ ಓಡುತ್ತಿತ್ತು. ದಟ್ಟಣೆ ತಡೆಯಲಾರದಾದಾಗ, ಅವರ ‘ಫಜ್‌ಬಾಲ್’ ರೌಟರ್‌ಗಳಲ್ಲಿ ಟೆಲ್ನೆಟ್‌ಗೆ, ಅಂದರೆ ಕೀಲಿ ಒತ್ತಿ ಉತ್ತರಕ್ಕಾಗಿ ಪರದೆ ನೋಡುತ್ತಾ ಕೂತವರಿಗೆ, ಮೊದಲ ಸರದಿ ಕೊಟ್ಟರು. ಫೈಲುಗಳು ಹಿಂದೆ. ಆದರೆ ಯಾರಿಗೂ ಹೇಳಲಿಲ್ಲ! ಹೇಳಿದ್ದರೆ ಫೈಲುಗಳೂ ಟೆಲ್ನೆಟ್ ವೇಷ ಹಾಕುತ್ತಿದ್ದವು.

ಇನ್ನು ಮನೆಗೆ ಬರೋಣ. ಮಗ ಫೋಟೋ ಅಪ್‌ಲೋಡ್‌ಗೆ ಹಾಕುತ್ತಾನೆ, ಪಕ್ಕದ ಕೋಣೆಯಲ್ಲಿ ಅಕ್ಕನ ಇಂಟರ್‌ವ್ಯೂ ಕರೆ ಕಡಿದು ಕಡಿದು ಬರುತ್ತೆ. ಬೈಗುಳ ಮಗನಿಗೆ. ನಿಜವಾದ ಕಳ್ಳ ಬಫರ್. ಮೆಮೊರಿ ಅಗ್ಗವಾದಂತೆ ಮೋಡೆಮ್ ತಯಾರಕರು ಬಫರನ್ನು ಹಿಗ್ಗಿಸುತ್ತಾ ಹೋದರು. ಟಿಸಿಪಿಯ ಹಳೇ ಅಭ್ಯಾಸ ಏನೆಂದರೆ, ಪ್ಯಾಕೆಟ್ ಬಿದ್ದುಹೋದರೆ ಮಾತ್ರ ನಿಧಾನ ಆಗೋದು. ದೊಡ್ಡ ಬಫರ್ ಬೀಳಿಸೋದೇ ಇಲ್ಲ, ಹಾಗಾಗಿ ಅದು ತುಂಬಿಸುತ್ತಲೇ ಇರುತ್ತೆ. ಲೆಕ್ಕ ಹಾಕಿ: ಭಾರತದ 2004ರ ಬ್ರಾಡ್‌ಬ್ಯಾಂಡ್ ನೀತಿ ಹೇಳಿದ ಕನಿಷ್ಠ ವೇಗ 256 ಕೆಬಿಪಿಎಸ್. ಆ ವೇಗದಲ್ಲಿ 256 ಕಿಲೋಬೈಟ್ ಬಫರ್ ಖಾಲಿಯಾಗಲು 8 ಸೆಕೆಂಡ್. ನಿಮ್ಮ ದನಿ ಅದರ ಹಿಂದೆ ನಿಂತಿರುತ್ತೆ!

2010ರಲ್ಲಿ ಜಿಮ್ ಗೆಟ್ಟಿಸ್ ತಮ್ಮ ಮನೆಯ ಲೈನಿನಲ್ಲೇ ಇದನ್ನು ಹಿಡಿದರು. ಈ ರೋಗಕ್ಕೆ ‘ಬಫರ್‌ಬ್ಲೋಟ್’ ಅನ್ನೋ ಹೆಸರು ನಿಂತಿತು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ‘ಕೋಡೆಲ್’ ತಂದರು. ಪ್ಯಾಕೆಟ್ ಯಾರದು ಅಂತ ಅದು ಕೇಳೋದಿಲ್ಲ, ಎಷ್ಟು ಹೊತ್ತು ಕಾಯಿತು ಅಂತ ಮಾತ್ರ ನೋಡುತ್ತೆ. ಕಾಯುವಿಕೆ 5 ಮಿಲಿಸೆಕೆಂಡ್‌ಗಿಂತ ಕೆಳಗೆ ಇಳಿಯದೇ ಹೋದರೆ ಬೀಳಿಸಲು ಶುರು. ಅದೇ ವರ್ಷ ಲಿನಕ್ಸ್ 3.5ರಲ್ಲಿ ‘ಎಫ್‌ಕ್ಯೂ-ಕೋಡೆಲ್’ ಬಂತು. ಪ್ರತಿ ಸಂಪರ್ಕಕ್ಕೂ ಬೇರೆ ಸಾಲು, ಸರದಿ ಪ್ರಕಾರ ಸೇವೆ. ರೇಷನ್ ಅಂಗಡಿಯಲ್ಲಿ ಹತ್ತು ಮೂಟೆಯವನ ಹಿಂದೆ ಒಂದು ಲೀಟರ್ ಸೀಮೆಎಣ್ಣೆಯವಳು ನಿಲ್ಲಬೇಕಾಗಿಲ್ಲ. ಇದನ್ನು ಅಗ್ಗದ ರೌಟರ್‌ಗಳಿಗೆ ತಲುಪಿಸಲು ವರ್ಷಗಟ್ಟಲೆ ಒದ್ದಾಡಿದ ಡೇವ್ ಟಾಟ್ 2025ರಲ್ಲಿ ತೀರಿಕೊಂಡರು.

ಹಾಗಾಗಿ ಕ್ಯೂಒಎಸ್ ಪಟ್ಟಿ ತುಂಬಿಸುತ್ತಾ ಕೂರಬೇಡಿ ಅಂತೀನಿ ನಾನು. ಲೈನ್ ಭರ್ತಿಯೇ ಆಗದಷ್ಟು ವೇಗದ ಫೈಬರ್ ಇದ್ದರೆ ಯಾವುದೂ ಬೇಡ. ಅಪ್‌ಲೋಡ್ ಸಣ್ಣದಿದ್ದರೆ ಎಫ್‌ಕ್ಯೂ-ಕೋಡೆಲ್ ಅಥವಾ ಅದರ ತಮ್ಮ ‘ಕೇಕ್’ ಇರುವ ರೌಟರ್ ನೋಡಿ (ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಎರಡೂ ಸಿಗುತ್ತೆ). ಅದರಲ್ಲಿ ವೇಗವನ್ನು ಲೈನಿನ ನಿಜವಾದ ವೇಗಕ್ಕಿಂತ ಒಂಚೂರು ಕಡಿಮೆ ಬರೆಯಿರಿ. ಇಲ್ಲದಿದ್ದರೆ ಸಾಲು ಮತ್ತೆ ಮೋಡೆಮ್‌ನೊಳಗೇ ಬೆಳೆಯುತ್ತೆ.