ಜಪಾನೀಸ್ ಭಾಷಣ ಸ್ಪರ್ಧೆ ಮತ್ತು ಹಲಸೂರು ಕೆರೆ

ಮೊನ್ನೆ ಕೆ.ಆರ್.ಪುರದಲ್ಲಿ ಮೆಟ್ರೋ ಹತ್ತಿದೆ. ಎದುರಿಗೆ ಕೂತಿದ್ದ ಇಬ್ಬರು ಕಾಲೇಜು ಹುಡುಗಿಯರು ಹಾಳೆಯೊಂದನ್ನು ಹಿಡಿದು ಜಪಾನೀಸಿನಲ್ಲಿ ಏನೋ ಉರು ಹೊಡೆಯುತ್ತಿದ್ದರು. ಭಾಷಣ ಸ್ಪರ್ಧೆಗೇ ಇರಬೇಕು ಅಂತ ಕೂಡಲೇ ಅನ್ನಿಸಿತು. ಯಾಕಂದ್ರೆ ಒಂದು ಕಾಲದಲ್ಲಿ ನಾನೂ ಹೀಗೇ ಉರು ಹೊಡೆದವನು :)

ಬೆಂಗಳೂರಿಗೂ ಜಪಾನಿಗೂ ನಂಟು ಶುರುವಾದದ್ದು ಸಾಫ್ಟ್‌ವೇರಿನಿಂದ ಅಂದುಕೊಂಡಿದ್ದೆ. ಅದು ತಪ್ಪು. 1890ರ ದಶಕದ ಕೊನೆಯಲ್ಲಿ ಜೆಮ್‌ಶೆಟ್‌ಜಿ ಟಾಟಾ ಇಲ್ಲಿ ರೇಷ್ಮೆ ತೋಟ ಮಾಡಿದಾಗ ಜಪಾನಿನಿಂದ ತಜ್ಞರನ್ನು ಕರೆಸಿದ್ದರು. ಬಸವನಗುಡಿ ಕಡೆ ಟಾಟಾ ಸಿಲ್ಕ್ ಫಾರಂ ಅನ್ನೋ ಹೆಸರು ಇವತ್ತಿಗೂ ಉಳಿದಿದೆ. ವಿಶ್ವೇಶ್ವರಯ್ಯನವರು ದಿವಾನರಾಗುವ ಎಷ್ಟೋ ಮೊದಲು, 1898ರಲ್ಲೇ, ಜಪಾನ್ ನೋಡಿ ಬಂದಿದ್ದರು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಶುರುವಾಗಿ ಬಿಡದಿಯಲ್ಲಿ ಕಾರ್ಖಾನೆ ಬಂತು. 2005ರಲ್ಲಿ 'ಜಪಾನ್ ಹಬ್ಬ' ಆರಂಭವಾಯಿತು. ಹೆಸರಿನಲ್ಲೇ ಒಂದು ಕನ್ನಡ ಪದ ಇದೆ, ನೋಡಿ! 2006ರಲ್ಲಿ ನಮ್ಮ ಮೆಟ್ರೋಗೆ ಜಪಾನಿನ ಸಾಲ ಸಿಕ್ಕಿತು. ಇಂದಿರಾನಗರ, ಹಲಸೂರುಗಳ ಮೇಲೆ ಹಾಯುವ ಮೊದಲ ಮಾರ್ಗ ತೆರೆದದ್ದು 2011ರ ಅಕ್ಟೋಬರಿನಲ್ಲಿ.

ಕನ್ನಡಿಗರಿಗೆ ಜಪಾನೀಸ್ ತೀರಾ ಪರಕೀಯ ಅನ್ನಿಸುವುದಿಲ್ಲ. ಕ್ರಿಯಾಪದ ಕೊನೆಗೇ ಬರುತ್ತದೆ, ವಿಭಕ್ತಿಯಂಥ ತುಣುಕುಗಳು ನಾಮಪದದ ಹಿಂದೆ ಅಂಟುತ್ತವೆ. ಅವರ ಅಕ್ಷರಮಾಲೆಯ ಕ್ರಮ ಕೂಡ ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಬೌದ್ಧ ಭಿಕ್ಷುಗಳ ಸಂಸ್ಕೃತ ಅಧ್ಯಯನದಿಂದ ಹೋದ ಕ್ರಮ ಇದು. ಕಷ್ಟವೆಲ್ಲ ಇರೋದು ಕಾಂಜಿ ಚಿತ್ರಲಿಪಿಯಲ್ಲಿ.

ನಮ್ಮಲ್ಲಿ ಹೆಚ್ಚಿನವರು ಕಲಿಯೋದು ಜೆಎಲ್‌ಪಿಟಿ ಪರೀಕ್ಷೆಗೆ. 1984ರಲ್ಲಿ ಶುರುವಾದ ಈ ಪರೀಕ್ಷೆಗೆ 2010ರಿಂದ ಎನ್5ರಿಂದ ಎನ್1ರವರೆಗೆ ಐದು ಮಟ್ಟಗಳಿವೆ. ಆದರೆ ಅದರಲ್ಲಿ ಮಾತಾಡುವ ಪರೀಕ್ಷೆಯೇ ಇಲ್ಲ! ಓದಿ, ಕೇಳಿ, ಸರಿಯುತ್ತರಕ್ಕೆ ಗುರುತು ಹಾಕಿದರೆ ಮುಗೀತು. ಹಾಗಾಗಿ ಬಾಯಿ ಬಿಟ್ಟು ಮಾತಾಡಬೇಕಾದ ಜಾಗ ಅಂದ್ರೆ ಭಾಷಣ ಸ್ಪರ್ಧೆ. ಅಲ್ಲೂ ಬರೆದದ್ದನ್ನು ಉರು ಹೊಡೆಯಬಹುದು. ಆದರೆ ಭಾಷಣದ ನಂತರ ತೀರ್ಪುಗಾರರು ಪ್ರಶ್ನೆ ಕೇಳಿದರೆ ಏನು ಮಾಡ್ತೀರಿ?

2018ರಲ್ಲಿ ನಾನು ಸಿಕ್ಕಿಬಿದ್ದದ್ದು ಅಲ್ಲೇ. 'ನಮ್ಮೂರಿನ ಕೆರೆ' ಅಂತ ಹಲಸೂರು ಕೆರೆಯ ಬಗ್ಗೆ ಮೂರು ನಿಮಿಷ ತಡವರಿಸದೆ ಮಾತಾಡಿದ್ದೆ. ದ್ವೀಪಗಳು, ಪಕ್ಕದ ಗುರುದ್ವಾರ, ಎಲ್ಲ ಇತ್ತು. ಹಿರಿಯ ಜಪಾನೀ ಮಹಿಳೆಯೊಬ್ಬರು ನಗುತ್ತಾ ಕೇಳಿದ್ದು ಒಂದೇ: "ನೀವು ಕೊನೆಯ ಸಲ ಅಲ್ಲಿಗೆ ಹೋದದ್ದು ಯಾವಾಗ?"

ಪ್ರಶ್ನೆ ಅರ್ಥವಾಯಿತು. ವ್ಯಾಕರಣವೂ ಗೊತ್ತಿತ್ತು. ಉತ್ತರವೇ ಇರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜನ ಕೈ ಹಿಡಿದು ಹೋದದ್ದೇ ಕೊನೆ. ಆಮೇಲೆ ಬಸ್ಸಿನ ಕಿಟಕಿಯಿಂದ ಕಂಡದ್ದಷ್ಟೇ. ಅಜ್ಜ ಆಗಲೇ ತೀರಿಕೊಂಡಿದ್ದರು. ಸುಮ್ಮನೆ ತಲೆ ಬಾಗಿಸಿ ಕೆಳಗಿಳಿದೆ. ಬಹುಮಾನ ಬರಲಿಲ್ಲ ಅನ್ನೋದಕ್ಕಿಂತ, ಪರದೇಶದವರೊಬ್ಬರು ನನ್ನೂರಿನ ಬಗ್ಗೆ ಕೇಳಿದ ಪ್ರಶ್ನೆಗೆ ನಾನು ಮೂಕನಾದದ್ದು ಬಹಳ ದಿನ ಚುಚ್ಚಿತು.

ಹುಡುಗಿಯರು ಮುಂದಕ್ಕೆ ಹೋದರು. ನಾನು ಹಲಸೂರಿನಲ್ಲಿ ಇಳಿದು, ಮನೆಗೆ ಹೋಗುವ ಬದಲು ಕೆರೆ ಕಡೆ ನಡೆದೆ. ಈಗ ಯಾರಾದರೂ ಕೇಳಿದರೆ "ಮೊನ್ನೆ" ಅಂತ ಹೇಳಬಹುದು, ಕನ್ನಡದಲ್ಲೂ, ಜಪಾನೀಸಿನಲ್ಲೂ.

ನೀವು ನಿಮ್ಮೂರಿನ ಕೆರೆಗೆ ಕೊನೆಯ ಸಲ ಹೋದದ್ದು ಯಾವಾಗ?