ಮೋರಟಗಿ ಅಂಗಡಿ ಮೊಬೈಲ್‌ನಾಗೂ ಸಿಗಬೇಕು: ಆನ್‌ಲೈನ್ ಪ್ರಚಾರ ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಹುಷಾರಾಗಿರಬೇಕು?

ಮೋರಟಗಿ: ಸಿಂದಗಿ–ಜೇವರ್ಗಿ ನಡುವಿನ ಹೆದ್ದಾರಿಯಲ್ಲಿ ರಾತ್ರಿ ಎಂಟಕ್ಕೆ ಗಾಡಿ ಪಂಕ್ಚರ್ ಆದರೆ ಈಗಿನ ಚಾಲಕ ಇಳಿದು ಯಾರನ್ನೂ ಕೇಳುವುದಿಲ್ಲ. ಮೊಬೈಲ್ ತೆಗೆದು ‘ಹತ್ತಿರದ ಪಂಕ್ಚರ್ ಅಂಗಡಿ’ ಅಂತ ಹುಡುಕುತ್ತಾನೆ. ನಕ್ಷೆಯಲ್ಲಿ ಹೆಸರಿದ್ದ ಅಂಗಡಿಗೆ ಫೋನ್ ಹೋಗುತ್ತದೆ. ಇನ್ನೂರು ಹೆಜ್ಜೆ ದೂರದಲ್ಲಿ ಬಲ್ಬ್ ಹಚ್ಚಿಕೊಂಡು ಕುಂತಿರೋ ಅಂಗಡಿ ನಕ್ಷೆಯಲ್ಲಿ ಇಲ್ಲ ಅಂದರೆ ಅವನ ಪಾಲಿಗೆ ಅದು ಇಲ್ಲವೇ ಇಲ್ಲ.

ಇದು ಪಂಕ್ಚರ್ ಅಂಗಡಿಯ ಮಾತಷ್ಟೇ ಅಲ್ಲ. ರಾಷ್ಟ್ರೀಯ ಹೆದ್ದಾರಿ 50ರ ಮೇಲಿರುವ ಊರಿನಲ್ಲಿ ಖಾನಾವಳಿ, ಔಷಧಿ ಅಂಗಡಿ, ಪಂಪ್‌ಸೆಟ್ ರಿಪೇರಿ, ಗೊಬ್ಬರ–ಬೀಜದ ಅಂಗಡಿ ಎಲ್ಲಕ್ಕೂ ಇದೇ ಕತೆ. ಗಿರಾಕಿ ಒಂದೋ ಸಿಂದಗಿಗೆ ಹೋಗ್ತಾನೆ, ಇಲ್ಲಾ ಕಲಬುರಗಿಗೆ, ಅದೂ ಇಲ್ಲಾಂದ್ರೆ ಅಮೆಜಾನ್, ಮೀಶೋದಲ್ಲಿ ತರಿಸ್ಕೋತಾನೆ. ಊರಿನ ಅಂಗಡಿಗೆ ನಷ್ಟ ಆದದ್ದೇ ಗೊತ್ತಾಗುವುದಿಲ್ಲ, ಯಾಕಂದ್ರೆ ಬರದೇ ಹೋದ ಗಿರಾಕಿ ಲೆಕ್ಕದ ಪುಸ್ತಕದಲ್ಲಿ ಇರುವುದಿಲ್ಲ.

‘ಆನ್‌ಲೈನ್ ಮಾರ್ಕೆಟಿಂಗ್’ ಅಂದ ಕೂಡಲೇ ವೆಬ್‌ಸೈಟ್, ದೇಶದ ತುಂಬ ಮಾರಾಟ, ಸಾವಿರಾರು ರೂಪಾಯಿ ಪ್ಯಾಕೇಜ್ ಎಂದು ಹೆದರಿಸುವವರು ಬಹಳ. ತಾಲ್ಲೂಕಿನ ಅಂಗಡಿಗೆ ಅದು ಯಾವುದೂ ಮೊದಲ ದಿನ ಬೇಡ. ಮೂವತ್ತು ಕಿಲೋಮೀಟರ್ ಒಳಗಿನ ಗಿರಾಕಿಗೆ ಅಂಗಡಿ ಸಿಗಬೇಕು, ಫೋನ್ ಹಚ್ಚಿದರೆ ಯಾರಾದರೂ ಎತ್ತಬೇಕು. ಅಷ್ಟಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಮೊದಲು ಗೂಗಲ್ ನಕ್ಷೆ

ಗೂಗಲ್ ಬಿಸಿನೆಸ್ ಪ್ರೊಫೈಲ್ ಪೂರ್ತಿ ಉಚಿತ. 2021ರವರೆಗೆ ಇದಕ್ಕೇ ‘ಗೂಗಲ್ ಮೈ ಬಿಸಿನೆಸ್’ ಎಂಬ ಹೆಸರಿತ್ತು. ಅಂಗಡಿಯ ಹೆಸರು, ಯಾವ ತರದ ವ್ಯಾಪಾರ, ಜಾಗ, ಫೋನ್ ನಂಬರ್, ತೆರೆಯುವ–ಮುಚ್ಚುವ ಹೊತ್ತು ಹಾಕಬೇಕು. ಆಮೇಲೆ ಅಂಗಡಿ ನಿಜವಾಗಿಯೂ ಇದೆ ಎಂದು ಗೂಗಲ್‌ಗೆ ಖಾತ್ರಿ ಮಾಡಿಕೊಡಬೇಕು. ಈಗ ಹೆಚ್ಚಾಗಿ ವಿಡಿಯೊ ಕೇಳುತ್ತದೆ: ರಸ್ತೆ, ಬೋರ್ಡ್, ಒಳಗಿನ ಸಾಮಾನು, ಗಲ್ಲಾ ಎಲ್ಲ ಕಾಣುವ ಹಾಗೆ ತಡೆಯಿಲ್ಲದೆ ಒಂದೇ ವಿಡಿಯೊ. ಬೋರ್ಡಿನ ಮೇಲೆ ಒಂದು ಹೆಸರು, ಪ್ರೊಫೈಲ್‌ನಲ್ಲಿ ಇನ್ನೊಂದು ಇದ್ದರೆ ತಿರಸ್ಕಾರ ಆಗುವ ಸಂಭವ ಜಾಸ್ತಿ.

ಹೆಸರಿನ ಜಾಗದಲ್ಲಿ ‘ಮೋರಟಗಿ ನಂಬರ್ ಒನ್ ಬೆಸ್ಟ್ ಮೊಬೈಲ್ ಶಾಪ್’ ಅಂತೆಲ್ಲ ತುಂಬುವುದು ಗೂಗಲ್ ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಬಂದ್ ಆಗಬಹುದು. ಆದರೆ ವಿವರಣೆಯಲ್ಲಿ ಊರಿನ ಹೆಸರು ಧಾರಾಳವಾಗಿ ಬರೆಯಬಹುದು. ಒಬ್ಬರು ‘ಮೋರಟಗಿ’ ಅಂತ ಹುಡುಕಿದರೆ ಇನ್ನೊಬ್ಬರು ‘ಮೊರಟಗಿ’ ಅಂತಾರೆ, ಇಂಗ್ಲಿಷಿನಲ್ಲಿ ಟೈಪ್ ಮಾಡುವವರು ಇನ್ನೂ ಎರಡು ತರ ಬರೆಯುತ್ತಾರೆ. ಮಾಲಿನ ಹೆಸರನ್ನೂ ಗಿರಾಕಿ ಆಡುವ ಮಾತಿನಲ್ಲೇ ಹಾಕಬೇಕು. ‘ಕೃಷಿ ಪರಿಕರ’ ಅಂತ ಬರೆದಿದ್ದರೆ ಓದಲು ಚಂದ. ಆದರೆ ರೈತ ಹುಡುಕುವುದು ‘ಸ್ಪ್ರೇ ಪಂಪ್’, ‘ತೊಗರಿ ಬೀಜ’, ‘ಡ್ರಿಪ್ ಪೈಪ್’ ಅಂತ.

ಫೋಟೊಗಳಿಗೆ ಸ್ಟುಡಿಯೊ ಬೇಕಿಲ್ಲ. ಬೆಳಗಿನ ಬೆಳಕಿನಲ್ಲಿ ರಸ್ತೆ ಆಚೆಯಿಂದ ಒಂದು, ಬಾಗಿಲಿನಿಂದ ಒಂದು, ಮಾಲಿನದು ನಾಲ್ಕು ಸಾಕು. ಹೊರಗಿನ ಫೋಟೊದಲ್ಲಿ ಪಕ್ಕದ ಗುಡಿಯೋ ಬಸ್ ಸ್ಟಾಪೋ ಕಂಡರೆ ಹೊಸಬರಿಗೆ ಗುರುತು ಸಿಗುತ್ತದೆ. ಹಬ್ಬಕ್ಕೆ, ಜಾತ್ರೆಗೆ ಅಂಗಡಿ ಮುಚ್ಚಿದ್ದರೆ ಅದನ್ನೂ ಹಾಕಬೇಕು. ‘ತೆರೆದಿದೆ’ ಅಂತ ನೋಡಿ ಹಳ್ಳಿಯಿಂದ ಬೈಕ್ ಹೊಡ್ಕೊಂಡು ಬಂದವ ಬೀಗ ನೋಡಿ ಹೋದರೆ ಎರಡನೇ ಸಲ ಬರೋದಿಲ್ಲ, ಮೇಲಾಗಿ ಒಂದೇ ಸ್ಟಾರ್ ಕೊಟ್ಟು ಹೋಗ್ತಾನೆ.

ಸ್ಟಾರ್ ವಿಷಯ ಬಂದದ್ದಕ್ಕೆ ಒಂದು ಮಾತು. ದುಡ್ಡು ಕೊಟ್ಟು ಐದು ಸ್ಟಾರ್ ಹಾಕಿಸುವುದನ್ನು ಗೂಗಲ್ ಒಪ್ಪುವುದಿಲ್ಲ, ಹಿಡಿದರೆ ಅಳಿಸಿ ಹಾಕುತ್ತದೆ. ಖುಷಿಯಾಗಿ ಹೋಗುವ ಗಿರಾಕಿಗೆ ‘ಅಣ್ಣಾರ, ಒಂದೆರಡು ಸಾಲು ಬರೀರಿ’ ಅಂದರೆ ಸಾಕು. ಬೈದು ಬರೆದವರಿಗೂ ಜಗಳ ಆಡದೆ ಉತ್ತರ ಕೊಡಬೇಕು. ಆ ಉತ್ತರವನ್ನು ಬೈದವನಿಗಿಂತ ಹೆಚ್ಚಾಗಿ ಮುಂದಿನ ಗಿರಾಕಿ ಓದುತ್ತಾನೆ.

ಕೀಲಿ ಯಾರ ಕೈಯಲ್ಲಿ?

ಇಲ್ಲೇ ಬಹಳ ಜನ ಎಡವುವುದು. ಅಳಿಯನೋ ಪಕ್ಕದ ಕಂಪ್ಯೂಟರ್ ಸೆಂಟರ್ ಹುಡುಗನೋ ತನ್ನ ಜಿಮೇಲ್‌ನಿಂದ ಪ್ರೊಫೈಲ್ ಮಾಡಿಕೊಡುತ್ತಾನೆ. ಎರಡು ವರ್ಷ ಬಿಟ್ಟು ಅವನು ಬೆಂಗಳೂರಿಗೆ ಹೋಗ್ತಾನೆ, ಪಾಸ್‌ವರ್ಡ್ ಮರೀತಾನೆ. ನಂಬರ್ ಬದಲಾದರೂ ಅಂಗಡಿಯವರಿಗೆ ತಿದ್ದಲು ಬರೋದಿಲ್ಲ. ಆದ್ದರಿಂದ ಪ್ರೊಫೈಲ್ ಆಗಲಿ ಫೇಸ್‌ಬುಕ್ ಪುಟ ಆಗಲಿ, ಮಾಲೀಕರ ಸ್ವಂತ ಜಿಮೇಲ್ ಮತ್ತು ನಂಬರಿನಲ್ಲೇ ತೆರೆಯಬೇಕು. ಕೆಲಸ ಮಾಡಿಕೊಡುವವರಿಗೆ ‘ಮ್ಯಾನೇಜರ್’ ಅಧಿಕಾರ ಕೊಟ್ಟರೆ ಸಾಕು, ‘ಓನರ್’ ಬೇಡ. ಅಂಗಡಿ ಕೀಲಿ ಆಳಿನ ಕೈಗೆ ಕೊಟ್ಟರೂ ಖಾತೆ ಪತ್ರ ಮನೆಯಲ್ಲೇ ಇರುತ್ತದಲ್ಲ, ಹಾಗೆ.

ವಾಟ್ಸ್‌ಆ್ಯಪ್: ಹಳೇ ಗಿರಾಕಿ ಉಳಿಸಿಕೊಳ್ಳಲು

ಗೂಗಲ್ ಹೊಸಬರನ್ನು ತರುತ್ತದೆ, ವಾಟ್ಸ್‌ಆ್ಯಪ್ ಬಂದವರನ್ನು ಉಳಿಸುತ್ತದೆ. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಕೂಡ ಉಚಿತ. ಅಂಗಡಿಗೆ ಬೇರೆ ಸಿಮ್ ಇಟ್ಟುಕೊಳ್ಳುವುದು ಒಳ್ಳೇದು. ಅದರ ಕ್ಯಾಟಲಾಗ್‌ನಲ್ಲಿ ಮಾಲಿನ ಫೋಟೊ, ದರ ಹಾಕಿಟ್ಟರೆ ‘ರೇಟ್ ಎಷ್ಟ್ರಿ’ ಅಂತ ಕೇಳಿದವರಿಗೆ ಪ್ರತಿ ಸಲ ಟೈಪ್ ಮಾಡೋ ಕೆಲಸ ತಪ್ಪುತ್ತದೆ. ದರ ಬರೆದರೆ ಎದುರಿನ ಅಂಗಡಿಯವ ನೋಡ್ತಾನೆ ಎಂಬ ಅಳುಕು ಇರುವುದು ಖರೆ. ಆದರೆ ದರ ಇಲ್ಲದ ಫೋಟೊ ನೋಡಿ ಕೇಳದೇ ಸುಮ್ಮನಾಗುವ ಗಿರಾಕಿಗಳೇ ಜಾಸ್ತಿ.

ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು. ನೆನಪಿಡಬೇಕಾದ್ದು: ಅಂಗಡಿ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಹಾಗಾಗಿ ಬಿಲ್ ಕೊಡುವಾಗಲೇ ‘ನಂಬರ್ ಸೇವ್ ಮಾಡ್ಕೊಳ್ರಿ’ ಅನ್ನಬೇಕು. ಎಲ್ಲಿಂದಲೋ ನಂಬರ್ ಪಟ್ಟಿ ತಂದು ದಿನಾ ‘ಶುಭೋದಯ’ದ ಜತೆ ಆಫರ್ ಕಳಿಸಿದರೆ ಜನ ಬ್ಲಾಕ್ ಮಾಡ್ತಾರೆ, ವರದಿ ಮಾಡಿದರೆ ನಂಬರೇ ಬಂದ್. ಊರ ಗ್ರೂಪಿನಲ್ಲಿ ಸಾವು–ನೋವಿನ ಸುದ್ದಿ ನಡುವೆ ಸೀರೆ ಆಫರ್ ಹಾಕುವುದೂ ಅದೇ ಜಾತಿಯ ತಪ್ಪು.

ಕಳಿಸುವುದಕ್ಕೆ ಹೊತ್ತು ಇದೆ. ಮುಂಗಾರಿಗೆ ಮೊದಲು ಬೀಜ, ಗೊಬ್ಬರ. ಎಳ್ಳಮಾವಾಸ್ಯೆಗೆ ಎರಡು ವಾರ ಮುಂಚೆ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. ತೊಗರಿ ರಾಶಿ ಮುಗಿದು ಕೈಯಲ್ಲಿ ರೊಕ್ಕ ಬಂದಾಗ ಪಾತ್ರೆ, ಫ್ರಿಜ್, ಬಂಗಾರ. ಪೇಟೆ ಮಂದಿಯ ದೀಪಾವಳಿ ಆಫರ್ ನಕಲು ಮಾಡುವುದಕ್ಕಿಂತ ಈ ಭಾಗದ ರಾಶಿ ಕಾಲ ನೋಡಿಕೊಂಡು ಪ್ರಚಾರ ಮಾಡುವುದು ಲಾಭ.

ಇನ್ನೊಂದು ಗಿರಾಕಿ ವರ್ಗ ಯಾರ ಲೆಕ್ಕಕ್ಕೂ ಬಂದಿಲ್ಲ. ದುಡಿಯಲು ಪುಣೆ, ಮುಂಬೈ, ಗೋವಾ, ಬೆಂಗಳೂರಿಗೆ ಹೋದ ಈ ಭಾಗದ ಮಕ್ಕಳು. ಅವರ ತಂದೆ–ತಾಯಿ ಊರಲ್ಲೇ ಇದ್ದಾರೆ. ಮಗ ಅಲ್ಲಿಂದ ಕ್ಯಾಟಲಾಗ್ ನೋಡಿ ಯುಪಿಐ ಮಾಡಿದರೆ ಕಿರಾಣಿ, ಔಷಧಿ, ಫ್ಯಾನ್ ಇಲ್ಲಿ ಮನೆಗೆ ಮುಟ್ಟಿಸುವುದು ದೊಡ್ಡ ಕಂಪನಿಗಿಂತ ಊರಿನ ಅಂಗಡಿಗೇ ಸುಲಭ. ಮುಟ್ಟಿಸಿದ ಮೇಲೆ ಒಂದು ಫೋಟೊ ಕಳಿಸಿದರೆ ಅವನ ಮುಂದಿನ ತಿಂಗಳ ಆರ್ಡರ್ ಗಟ್ಟಿ.

ದುಡ್ಡು ಕೊಟ್ಟು ಜಾಹೀರಾತು

ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ‘ಬೂಸ್ಟ್’ ಮಾಡುವಾಗ ನಕ್ಷೆಯಲ್ಲಿ ಪ್ರದೇಶ ಆಯ್ಕೆ ಮಾಡಬಹುದು. ಅದನ್ನು ಮರೆತು ಇಡೀ ಕರ್ನಾಟಕ ಅಂತ ಬಿಟ್ಟರೆ ಮೈಸೂರಿನವರು ಲೈಕ್ ಒತ್ತುತ್ತಾರೆ, ಮೋರಟಗಿಗೆ ಯಾರೂ ಬರೋದಿಲ್ಲ. ಮೊದಲ ಸಲ ಮೂರ್ನಾಲ್ಕು ದಿನಕ್ಕೆ ಒಟ್ಟು ನಾನೂರು–ಐನೂರು ರೂಪಾಯಿ ಮೇಲೆ ಹೋಗಬಾರದು. ಜಾಹೀರಾತಿನ ಮೇಲೆ ಶೇ 18 ಜಿಎಸ್‌ಟಿಯೂ ಬೀಳುತ್ತದೆ. ಲೈಕ್ ಎಣಿಸುವುದು ಬಿಟ್ಟು, ಬಂದ ಗಿರಾಕಿಯನ್ನು ‘ಎಲ್ಲಿ ನೋಡಿ ಬಂದ್ರಿ?’ ಅಂತ ಕೇಳಿ ಒಂದು ವಹಿಯಲ್ಲಿ ಗೆರೆ ಎಳೆಯಬೇಕು. ತಿಂಗಳ ಕೊನೆಗೆ ಆ ಗೆರೆಗಳೇ ಹೇಳ್ತಾವೆ ದುಡ್ಡು ಹೋಯ್ತೋ ಬಂತೋ.

ಕಲಬುರಗಿ ರೊಟ್ಟಿ ಕಲಿಸಿದ್ದು

ಊರಾಚೆ ಮಾರುವ ಆಸೆ ಇರುವವರು ಪಕ್ಕದ ಜಿಲ್ಲೆ ನೋಡಬೇಕು. ಮನೆ ಮನೆಯಲ್ಲಿ ಬಡಿಯುತ್ತಿದ್ದ ಜೋಳದ ರೊಟ್ಟಿಯನ್ನು ಕಲಬುರಗಿ ಜಿಲ್ಲಾಡಳಿತ ಸ್ವಸಹಾಯ ಸಂಘಗಳ ಮಹಿಳೆಯರನ್ನು ಕೂಡಿಸಿ ‘ಕಲಬುರಗಿ ರೊಟ್ಟಿ’ ಎಂಬ ಬ್ರ್ಯಾಂಡ್ ಮಾಡಿತು. 2025ರ ಜೂನ್ 29ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ಇದರ ಹೆಸರು ಹೇಳಿದರು. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿದೆ, ಬೆಂಗಳೂರಿನಲ್ಲಿ ಕೌಂಟರ್ ಇದೆ, ಆನ್‌ಲೈನ್ ಫುಡ್ ವೇದಿಕೆಗಳಲ್ಲೂ ಆರ್ಡರ್ ಬರುತ್ತಿದೆ ಎಂದು ಅಲ್ಲಿ ತಿಳಿಸಲಾಯಿತು.

ಸಿಂದಗಿ, ಇಂಡಿ ಭಾಗದ ರೊಟ್ಟಿ ಇದಕ್ಕಿಂತ ಏನೂ ಕಡಿಮೆ ಇಲ್ಲ. ವ್ಯತ್ಯಾಸ ಇರುವುದು ಒಂದೇ ಹೆಸರು, ಒಂದೇ ಪ್ಯಾಕ್, ಹೇಳಿದಷ್ಟು ಮಾಲು ಹೇಳಿದ ದಿನ ಕೊಡುವ ಸಂಘಟನೆಯಲ್ಲಿ. ಒಬ್ಬ ಹೆಣ್ಣುಮಗಳು ಮನೆಯಿಂದ ಆನ್‌ಲೈನ್ ಆರ್ಡರ್ ತಗೊಂಡು, ಹಬ್ಬದ ವಾರ ಐನೂರು ರೊಟ್ಟಿ ಬೇಕು ಅಂದಾಗ ಕೈ ಚೆಲ್ಲಿದರೆ ಪ್ರಚಾರವೇ ಮುಳುವಾಗುತ್ತದೆ. ಮಾವಿನಲ್ಲಿಯೂ ಹೀಗೇ ಆಗಿದೆ. ಮಾವು ಅಭಿವೃದ್ಧಿ ನಿಗಮದ ‘ಕರ್ಸಿರಿ’ ಪೋರ್ಟಲ್‌ನಲ್ಲಿ ಬುಕ್ ಆದ ಹಣ್ಣನ್ನು ಅಂಚೆ ಇಲಾಖೆ ಮನೆಗೆ ಮುಟ್ಟಿಸುತ್ತದೆ. ಆ್ಯಪಿಗಿಂತ ಡಬ್ಬಿ ಮತ್ತು ಪೋಸ್ಟ್‌ಮನ್ ಮುಖ್ಯ ಆದರು. ಇಲ್ಲಿಂದ ಪಾರ್ಸಲ್ ಕಳಿಸಲು ಅಂಚೆ ಕಚೇರಿ ಇದೆ, ಸಾರಿಗೆ ನಿಗಮದ ‘ನಮ್ಮ ಕಾರ್ಗೋ’ ಇದೆ.

ಇಂಡಿ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಉಪ್ಪಿನಕಾಯಿ, ನಿಂಬೆ ಮಾರುವವರಿಗೆ ಇದು ದೊಡ್ಡ ಹೆಸರು. ಆದರೆ ಜಿಐ ಲೋಗೊ ಹಾಕಿಕೊಳ್ಳಬೇಕಾದರೆ ಅಧಿಕೃತ ಬಳಕೆದಾರ ಎಂದು ನೋಂದಣಿ ಆಗಿರಬೇಕು, ಸುಮ್ಮನೆ ಪ್ಯಾಕಿನ ಮೇಲೆ ಅಚ್ಚು ಹಾಕುವಂತಿಲ್ಲ. ತಿನ್ನುವ ಮಾಲು ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. ಪ್ಯಾಕಿನ ಮೇಲೆ ತಯಾರಕರ ವಿಳಾಸ, ನಿವ್ವಳ ತೂಕ, ತಯಾರಾದ ದಿನ, ಎಂಆರ್‌ಪಿ, ದೂರಿಗೆ ಫೋನ್ ನಂಬರ್ ಇರಬೇಕು.

ಜಿಎಸ್‌ಟಿ ಗೊಂದಲ

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಸ್ಟಿಕರ್ ಕಿತ್ತು ಹಾಕಿದರು. ಆಮೇಲೆ ವ್ಯಾಪಾರಿಗಳ ಜತೆ ಸಭೆ ನಡೆಸಿದ ಮುಖ್ಯಮಂತ್ರಿ, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ನಗದು ಪಡೆದರೂ ಇದೇ ಮಿತಿ. ಸ್ಟಿಕರ್ ಕಿತ್ತರೆ ಗಿರಾಕಿ ಹೋಗುತ್ತಾನೆಯೇ ಹೊರತು ಕಾನೂನು ಹೋಗುವುದಿಲ್ಲ. ಮನೆ ಖರ್ಚಿನ ಖಾತೆ ಬೇರೆ, ಅಂಗಡಿ ಖಾತೆ ಬೇರೆ ಇಟ್ಟುಕೊಂಡರೆ, ಬಿಲ್ ಇಟ್ಟುಕೊಂಡರೆ ಅರ್ಧ ತಲೆನೋವು ಕಡಿಮೆ.

ಅಮೆಜಾನ್, ಮೀಶೋ ತರದ ವೇದಿಕೆಯಲ್ಲಿ ಮಾರಲು ಮೊದಲು ವಹಿವಾಟು ಎಷ್ಟೇ ಸಣ್ಣದಿದ್ದರೂ ಜಿಎಸ್‌ಟಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿನ ಸರಕು ವ್ಯಾಪಾರಿಗಳು ಎನ್‌ರೋಲ್‌ಮೆಂಟ್ ನಂಬರ್ ಪಡೆದು ರಾಜ್ಯದೊಳಗೆ ಮಾರಬಹುದು. ಗಡಿ ದಾಟಿದರೆ ನಿಯಮ ಬೇರೆ: ತೆರಿಗೆ ಇರುವ ಸರಕನ್ನು ಸೊಲ್ಲಾಪುರದ ಗಿರಾಕಿಗೆ ಪಾರ್ಸಲ್ ಕಳಿಸಿ ಮಾರಬೇಕಾದರೆ ನೋಂದಣಿ ಬೇಕಾಗುತ್ತದೆ. ಶುರು ಮಾಡುವ ಮೊದಲು ತೆರಿಗೆ ಸಲಹೆಗಾರರನ್ನು ಒಮ್ಮೆ ಕೇಳುವುದು ಕ್ಷೇಮ.

ಮೋಸದ ಫೋನ್‌ಗಳು

ಪ್ರೊಫೈಲ್ ಹಾಕಿದ ವಾರದೊಳಗೆ ಫೋನ್ ಬರಬಹುದು: ‘ಗೂಗಲ್‌ನಿಂದ ಮಾತಾಡ್ತಿದ್ದೀವಿ, ನಿಮ್ಮ ಅಂಗಡಿ ತೆಗೆದು ಹಾಕ್ತೀವಿ, ಇಷ್ಟು ಕಟ್ಟಿ.’ ಪ್ರೊಫೈಲ್ ಇಟ್ಟುಕೊಳ್ಳಲು ಗೂಗಲ್ ದುಡ್ಡು ಕೇಳುವುದಿಲ್ಲ. ‘ಮೊದಲ ಸ್ಥಾನ ಗ್ಯಾರಂಟಿ’ ಎನ್ನುವವರಿಗೂ ಅಡ್ವಾನ್ಸ್ ಬೇಡ, ಆ ಗ್ಯಾರಂಟಿ ಯಾರ ಕೈಯಲ್ಲೂ ಇಲ್ಲ.

ಸೈನ್ಯದ ಅಧಿಕಾರಿ ಅಂತ ಹೇಳಿಕೊಂಡು ದೊಡ್ಡ ಆರ್ಡರ್ ಕೊಡುವವರು ಕ್ಯೂಆರ್ ಕಳಿಸಿ ‘ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ’ ಅಂತಾರೆ. ದುಡ್ಡು ಬರಬೇಕಾದರೆ ಯುಪಿಐ ಪಿನ್ ಹಾಕುವ ಮಾತೇ ಇಲ್ಲ. ಪಿನ್ ಹಾಕಿದರೆ ಹೋಗುವುದೇ. ಮದುವೆ ಕಾರ್ಡ್, ಬ್ಯಾಂಕ್ ಪತ್ರ ಅಂತ ಬರುವ ‘ಎಪಿಕೆ’ ಫೈಲ್ ತೆರೆಯಬಾರದು. ಅಂಗಡಿ ವಾಟ್ಸ್‌ಆ್ಯಪ್‌ಗೆ ಎರಡು ಹಂತದ ಪಿನ್ ಇಂದೇ ಹಾಕಿಟ್ಟುಕೊಳ್ಳಬೇಕು. ನಂಬರ್ ಕಳ್ಳರ ಕೈಗೆ ಸಿಕ್ಕರೆ ಅಂಗಡಿ ಹೆಸರಿನಲ್ಲೇ ಎಲ್ಲ ಗಿರಾಕಿಗಳಿಂದ ರೊಕ್ಕ ಕೇಳ್ತಾರೆ.

ದುಡ್ಡು ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಬೇಕು, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಬೇಕು. ನಾಚಿಕೆಪಟ್ಟು ಎರಡು ದಿನ ಕುಂತರೆ ಆ ರೊಕ್ಕ ನಾಲ್ಕು ಖಾತೆ ದಾಟಿ ಹೋಗಿರುತ್ತದೆ. ವಹಿವಾಟಿನ ಯುಟಿಆರ್ ನಂಬರ್, ಸ್ಕ್ರೀನ್‌ಶಾಟ್, ಫೋನ್ ಬಂದ ನಂಬರ್ ಮೂರೂ ಕೈಯಲ್ಲಿರಲಿ.