ಹರಡಿನ ಕೀಲನ್ನು ಬೆಸೆದರೆ ನಡಿಗೆ ಏನಾಗುತ್ತದೆ?

ಗೋಡೆಯನ್ನು ಹಿಡಿದು ನಿಂತು, ಹಿಮ್ಮಡಿ ಎತ್ತದೆ ನಿಧಾನವಾಗಿ ಮಂಡಿ ಬಗ್ಗಿಸಿ ನೋಡಿ. ಪಾದ ನೆಲದ ಮೇಲೆ ಸ್ಥಿರವಾಗಿರುತ್ತದೆ. ಮೊಣಕಾಲು ಬೆರಳುಗಳತ್ತ ಬಾಗುತ್ತದೆ. ಈ ಚಲನೆಗೆ ಅವಕಾಶ ಕೊಡುವುದು ಪಾದವೂ ಕಾಲೂ ಸೇರುವ ಹರಡಿನ ಕೀಲು. ಅಲ್ಲಿನ ಮೂಳೆಗಳನ್ನು ಒಂದಾಗಿ ಬೆಸೆದುಬಿಟ್ಟರೆ ನಡೆಯಲು ಸಾಧ್ಯವೆ?

ಜೋಸೆಫ್ ಲಿಸ್ಟರ್ 1867ರಲ್ಲಿ ಪ್ರಕಟಿಸಿದ ನಂಜುನಿರೋಧಕ ವಿಧಾನದಿಂದಾಗಿ ಕೀಲನ್ನು ತೆರೆಯುವುದು ಮೊದಲಿನಷ್ಟು ಅಪಾಯಕರವಾಗಿ ಉಳಿಯಲಿಲ್ಲ. ಆ ಮುಂದಿನ ದಶಕದ ಕೊನೆಯಲ್ಲಿ ಆಸ್ಟ್ರಿಯದ ಶಸ್ತ್ರವೈದ್ಯ ಎಡುವಾರ್ಡ್ ಆಲ್ಬರ್ಟ್, ಸ್ನಾಯುಗಳು ಶಕ್ತಿಗುಂದಿ ಜೋಲುತ್ತಿದ್ದ ಕಾಲುಗಳ ಕೀಲುಗಳನ್ನು ಬೆಸೆದರು. ‘ಆರ್ತ್ರೊಡೆಸಿಸ್’ ಎಂಬ ಹೆಸರೂ ಅವರದೇ. ಗ್ರೀಕ್ ಮೂಲದ ಈ ಪದಕ್ಕೆ ಕೀಲನ್ನು ಕಟ್ಟುವುದು ಎಂದರ್ಥ. ಚಲನೆಯನ್ನು ಬಿಟ್ಟುಕೊಟ್ಟು ಆಧಾರವನ್ನು ಪಡೆಯುವುದು ಅವರ ಉದ್ದೇಶ. ಮುಂದೆ, ಮೃದ್ವಸ್ಥಿ ಸವೆದು ಹೆಜ್ಜೆ ಹೆಜ್ಜೆಗೂ ನೋಯುವ ಕೀಲಿಗೂ ಇದೇ ಚಿಕಿತ್ಸೆಯಾಯಿತು. 1951ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ, ಮೂಳೆಗಳ ಮೂಲಕ ಸರಳು ತೂರಿಸಿ ಹೊರಗಿನ ಬಿಗಿತಿರುಪುಗಳಿಂದ ಅವುಗಳನ್ನು ಪರಸ್ಪರ ಒತ್ತಿಹಿಡಿಯುವ ವಿಧಾನವನ್ನು ವಿವರಿಸಿದರು.

ಇನ್ನು ಯಂತ್ರವಿಜ್ಞಾನಕ್ಕೆ ಬರೋಣ. ಅಮೆರಿಕದ ವೈದ್ಯೆ ಜಾಕ್ವೆಲಿನ್ ಪೆರಿ, ಹೆಜ್ಜೆಯಿಡುವಾಗ ದೇಹ ಮೂರು ಕಡೆ ತೂಗುಕುರ್ಚಿಯಂತೆ ಉರುಳುತ್ತದೆ ಎಂದು ವಿವರಿಸಿದರು: ಮೊದಲು ಹಿಮ್ಮಡಿಯ ಮೇಲೆ, ಆಮೇಲೆ ಹರಡಿನಲ್ಲಿ, ಕೊನೆಗೆ ಪಾದದ ಮುಂಭಾಗದ ಮೇಲೆ. ಬೆಸುಗೆಯಿಂದ ಎರಡನೆಯದು ಇಲ್ಲವಾಗುತ್ತದೆ. ಆಗ ಹಿಮ್ಮಡಿ ಬೇಗನೆ ಮೇಲೇಳುತ್ತದೆ. ಪಾದದ ಇತರ ಸಣ್ಣ ಕೀಲುಗಳು ಹೆಚ್ಚು ಬಾಗಿ ಕೊರತೆಯನ್ನು ಭಾಗಶಃ ತುಂಬಿಕೊಡುತ್ತವೆ.

ಯಾವ ಕೋನದಲ್ಲಿ ಬೆಸೆಯಬೇಕು ಎಂಬುದು ಇಲ್ಲಿ ನಿರ್ಣಾಯಕ. ಎತ್ತರ ಹಿಮ್ಮಡಿಯ ಪಾದರಕ್ಷೆಗೆ ಹೊಂದಲೆಂದು ಬೆರಳುಗಳು ಕೆಳಮುಖವಾಗಿರುವಂತೆ ಬೆಸೆಯುವ ರೂಢಿಯೂ ಹಿಂದೆ ಇತ್ತು. ಹಾಗೆ ಬೆಸೆದ ಪಾದ ಗಟ್ಟಿಯಾದ ಸನ್ನೆಯಂತಾಗುತ್ತದೆ. ನೆಲದ ಪ್ರತಿಕ್ರಿಯಾಬಲ ಮಂಡಿಯ ಮುಂದಿನಿಂದ ಹಾದು ಅದನ್ನು ಹಿಂದಕ್ಕೆ ತಳ್ಳುತ್ತದೆ. 1979ರಲ್ಲಿ ಮಜೂರ್ ಮತ್ತು ಸಂಗಡಿಗರು ಇಂಥ ರೋಗಿಗಳ ನಡಿಗೆಯನ್ನು ಪ್ರಯೋಗಾಲಯದಲ್ಲಿ ಅಳೆದರು. ಪಾದ ಕಾಲಿಗೆ ಲಂಬಕೋನದಲ್ಲಿರುವುದೇ ಉತ್ತಮ ಎಂದು ಅವರು ತೀರ್ಮಾನಿಸಿದರು. ಸೂಕ್ತ ಪಾದರಕ್ಷೆ ತೊಟ್ಟಾಗ ನಡಿಗೆ ಬರಿಗಾಲಿಗಿಂತ ಸುಗಮವಾಗಿತ್ತು.

ಇದಕ್ಕೆ ತೆರಬೇಕಾದ ಬೆಲೆ ಏನು? 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ಬೆಸುಗೆಯಾಗಿ ಸರಾಸರಿ 22 ವರ್ಷ ಕಳೆದಿದ್ದ 23 ಜನರನ್ನು ಪರೀಕ್ಷಿಸಿತು. ಬೆಸೆದ ಪಾದದ ನೆರೆಯ ಕೀಲುಗಳಲ್ಲಿ ಸವೆತ ಇನ್ನೊಂದು ಪಾದಕ್ಕಿಂತ ಹೆಚ್ಚಾಗಿತ್ತು. ಮಂಡಿಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಒಂದು ಕೀಲು ಕೈಬಿಟ್ಟ ಕೆಲಸದ ಹೊರೆ ಪಕ್ಕದ ಕೀಲುಗಳ ಮೇಲೆ ಬೀಳುತ್ತದೆ.

ಹಾಗಾದರೆ ಕೃತಕ ಕೀಲು ಮೇಲಲ್ಲವೆ? 1970ರ ದಶಕದ ಮೊದಲ ಮಾದರಿಗಳು ಬಹುಬೇಗ ಸಡಿಲವಾದವು. ಈಚಿನವು ಸುಧಾರಿಸಿವೆ. ಬ್ರಿಟನ್ನಿನಲ್ಲಿ 303 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ವರ್ಷದ ನಂತರ ಎರಡೂ ಗುಂಪುಗಳ ಜನ ಮೊದಲಿಗಿಂತ ಚೆನ್ನಾಗಿ ನಡೆಯುತ್ತಿದ್ದರು. ಗುಂಪುಗಳ ನಡುವಿನ ಅಂತರ ಅಲ್ಪ.

ಆದರೆ ಮನೆಯೊಳಗೆ ಬರಿಗಾಲಲ್ಲಿ ಓಡಾಡುವ, ಕುಕ್ಕರಗಾಲಲ್ಲಿ ಕೂರುವ ನಮ್ಮವರಿಗೆ ಹರಡಿನ ಬಾಗುವಿಕೆ ಇನ್ನಷ್ಟು ಬೆಲೆಯುಳ್ಳದ್ದು. ನೋವು ಹೋಗುವುದೋ, ಚಲನೆ ಉಳಿಯುವುದೋ ಎಂಬ ಈ ಆಯ್ಕೆಯಲ್ಲಿ ವೈದ್ಯರೊಡನೆ ರೋಗಿಯ ದಿನಚರಿಯೂ ಮಾತಾಡಬೇಕು. ತರಗತಿಯಲ್ಲಿ ಸನ್ನೆಯ ಪಾಠ ಬಂದಾಗ, ಮೇಲೆ ಹೇಳಿದ ಪ್ರಯೋಗವನ್ನು ವಿದ್ಯಾರ್ಥಿಗಳಿಂದ ಒಮ್ಮೆ ಮಾಡಿಸಿ.